ರೈಡ್ ಬಿಟ್ಟ ಮೇಲೆ ಸೀಟಿ ಹಿಡಿಯೋದು ಹೇಗೆ

ಕಬಡ್ಡಿ ಆಡಿ ಆಡಿ ಮಂಡಿ ಕೈಕೊಟ್ಟ ಮೇಲೆ "ಇನ್ನು ಕೋಚ್ ಆಗ್ಬುಡ್ತೀನಿ ಕಣಣ್ಣ" ಅಂತ ಬರೋ ಹುಡುಗರಿಗೆ ನಾನು ಮೊದಲು ಕೇಳೋದು ಒಂದೇ: ಹೋದ ಮ್ಯಾಚಲ್ಲಿ ನೀನು ಔಟಾಗಿ ಹೊರಗೆ ಕೂತಿದ್ದಾಗ ಅಂಕಣದೊಳಗೆ ಏನೇನಾಯ್ತು, ಹೇಳು. ಹೇಳೋಕೆ ಬಂದರೆ ಕೂರಿಸಿಕೊಂಡು ಟೀ ಕುಡಿಸ್ತೀನಿ. ಬಹಳ ಜನಕ್ಕೆ ಬರಲ್ಲ. ತಾವು ತಂದ ಪಾಯಿಂಟೆಲ್ಲ ಬಾಯಿಪಾಠ. ಎದುರಿನ ಎಡ ಕಾರ್ನರ್ ಹುಡುಗ (ಸಾಲಿನ ಎಡ ತುದಿಯಲ್ಲಿ ನಿಂತು ರೈಡರ್‌ನ ಹಿಡಿಯೋನು) ಯಾವ ಕಾಲು ಮುಂದಿಟ್ಟು ನಿಂತಿದ್ದ ಅಂದರೆ ಮುಖ ಮುಖ ನೋಡ್ತಾರೆ.

ಹಾಗಾಗಿ ಕೋಚ್ ಆಗೋ ಕೆಲಸ ಶುರುವಾಗೋದು ಇನ್ನೂ ಆಡುತ್ತಿರುವಾಗಲೇ, ಬೆಂಚಿನ ಮೇಲೆ. ಇದಕ್ಕೆ ನಾನು ಕೊಡೋ ಉದಾಹರಣೆ ಮಾತ್ರ ಮಂಡ್ಯದ್ದಲ್ಲ. ನಮ್ಮಕ್ಕನ ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿನ ಫುಟ್‌ಬಾಲ್ ವಿಡಿಯೊ ಕಳಿಸಿ ಕಳಿಸಿ ಈ ವಯಸ್ಸಲ್ಲಿ ನನಗೆ ಹುಚ್ಚು ಹತ್ತಿಸಿದ. ಅದು ಕಾಲಲ್ಲಿ ಒದೆಯೋ ಆಟ ಅಲ್ಲ. ಚೆಂಡು ಹಿಡಿದು ನುಗ್ಗೋದು, ಎಸೆಯೋದು. ಒಂದು ಕಡೆ ಹನ್ನೊಂದು ಜನ. ಚೆಂಡು ಮೊದಲು ಕೈಗೆ ಬರೋದು ಕ್ವಾರ್ಟರ್‌ಬ್ಯಾಕ್‌ಗೆ. ಎಸೀಬೇಕಾ, ಪಕ್ಕದವನ ಕೈಗೆ ಕೊಡಬೇಕಾ ಅಂತ ಕಣ್ಣು ಮಿಟುಕಿಸೋದರೊಳಗೆ ನಿರ್ಧಾರ ಮಾಡೋನು ಅವನು.

ಡಗ್ ಪೆಡರ್ಸನ್ ಅಂತ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದ. ದೊಡ್ಡ ಹೆಸರೇನಲ್ಲ. 1991ರ ಆಯ್ಕೆಯಲ್ಲಿ ಯಾವ ತಂಡವೂ ಅವನನ್ನ ಆರಿಸಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿ ಬ್ರೆಟ್ ಫಾರ್ವ್ ಅನ್ನೋ ಮಹಾ ಆಟಗಾರನ ಹಿಂದೆ ವರ್ಷಗಟ್ಟಲೆ ಬದಲಿ ಆಟಗಾರನಾಗಿ ಕಾದ. ಆಟ ಬಿಟ್ಟವನು 2005ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಒಂದು ಹೈಸ್ಕೂಲ್ ತಂಡದ ಕೋಚ್ ಆದ. ನಾಲ್ಕು ಸೀಸನ್ ಮಕ್ಕಳ ಜೊತೆ ಮಣ್ಣು ಹೊತ್ತ. 2009ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದ ಆಗಿನ ಮುಖ್ಯ ಕೋಚ್ ಆಂಡಿ ರೀಡ್ ಅವನನ್ನ ಅಲ್ಲಿಗೆ ಕರೆಸಿಕೊಂಡರು. ಸಿಕ್ಕಿದ್ದು ಕೋಚ್‌ಗಳ ಸಾಲಿನಲ್ಲಿ ತೀರಾ ಕೆಳಗಿನ ಕೆಲಸ, ವಿಡಿಯೊ ನೋಡಿ ಲೆಕ್ಕ ಬರೆದುಕೊಡೋದು. ಅಲ್ಲಿಂದ ಕ್ವಾರ್ಟರ್‌ಬ್ಯಾಕ್‌ಗಳ ಕೋಚ್, ಕಾನ್ಸಾಸ್ ಸಿಟಿಯಲ್ಲಿ ದಾಳಿ ವಿಭಾಗದ ಹೊಣೆ, 2016ರಲ್ಲಿ ಈಗಲ್ಸ್‌ನ ಮುಖ್ಯ ಕೋಚ್. 2018ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಫೈನಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ 41-33ರ ಗೆಲುವು. ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದರಿಂದ ಅವತ್ತು ಆಡಿದ ನಿಕ್ ಫೋಲ್ಸ್ ಕೂಡ ಬದಲಿ ಆಟಗಾರನೇ. ಬದಲಿಯಾಗಿ ಕೂತವನ ಸಂಕಟ ಪೆಡರ್ಸನ್‌ಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. (ಮೂರು ವರ್ಷ ಆಗೋದರೊಳಗೆ ತಂಡ ಸೋತು ಅದೇ ಈಗಲ್ಸ್ ಅವನನ್ನ ಮನೆಗೆ ಕಳಿಸಿತು. ಈ ಕಸುಬೇ ಹೀಗೆ, ಮೊದಲೇ ತಿಳಕೊಂಡಿರಿ.)

ಈಗ ನಮ್ಮ ಅಂಕಣಕ್ಕೆ ಬನ್ನಿ. ಇನ್ನೂ ಆಡ್ತಿದ್ದೀರಾ? ಒಂದು ನೋಟ್‌ಬುಕ್ ಇಡಿ. ಔಟಾಗಿ ಹೊರಗೆ ಬಂದಾಗ ರೆಫ್ರಿಗೆ ಬೈಯೋದು ಬಿಟ್ಟು ಒಂದೇ ಒಂದು ಜಾಗ ನೋಡಿ, ಇವತ್ತು ಬರೀ ಎಡ ಕಾರ್ನರ್, ನಾಳೆ ಬರೀ ಬಲ ಕವರ್ (ಕಾರ್ನರ್‌ಗಿಂತ ಒಳಗೆ ನಿಲ್ಲೋನು). ಎಲ್ಲ ನೋಡ್ತೀನಿ ಅಂದರೆ ಏನೂ ಕಾಣಲ್ಲ. ರಾತ್ರಿ ಮನೆಗೆ ಹೋಗಿ ನಾಲ್ಕು ಸಾಲು ಬರೀರಿ.

ಆಟ ಬಿಟ್ಟ ಮೇಲೆ ಸೀದಾ ಕ್ಲಬ್ ತಂಡಕ್ಕೆ ಕೈ ಹಾಕಬೇಡಿ. ನಿಮ್ಮೂರಿನ ಹೈಸ್ಕೂಲಿಗೆ ಹೋಗಿ, ಅಲ್ಲಿನ ದೈಹಿಕ ಶಿಕ್ಷಕರ ಹತ್ತಿರ ಮರ್ಯಾದೆಯಿಂದ ಮಾತಾಡಿ, ಮೈದಾನ ಅವರದ್ದು. ಬೆಳಿಗ್ಗೆ ಒಂದು ಗಂಟೆ ಕೇಳಿ. ದುಡ್ಡು ಹುಟ್ಟಲ್ಲ, ಹೊಲವೋ ಅಂಗಡಿಯೋ ಇನ್ನೊಂದು ಆಸರೆ ಇರಲಿ.

ಅಲ್ಲಿ ಮೊದಲ ಕಟ್ಟುನಿಟ್ಟು: ನೀವು ರೈಡ್ ಮಾಡಿ ತೋರಿಸಬೇಡಿ. ಹಳೇ ರೈಡರ್‌ಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ, ಕಾಲು ತುರಿಸ್ತಿರುತ್ತೆ. ನೀವು ತೋರಿಸಿದರೆ ಮಕ್ಕಳು ಚಪ್ಪಾಳೆ ಹೊಡೀತಾರೆ, ನಿಮಗೆ ಖುಷಿ. ಅವರಿಗೆ ಬಂದಿದ್ದು ಸೊನ್ನೆ. ಬದಲಿಗೆ ಪ್ರಶ್ನೆ ಕೇಳಿ.

ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಎಡ ಕಾರ್ನರ್. ರೈಡರ್ ಬಂದ ಅಂದರೆ ಸಾಕು ಬಿದ್ದುಬಿಡೋನು. ಕಣಕಾಲು ಸಿಗ್ತಿರಲಿಲ್ಲ, ಮಣ್ಣು ಸಿಗ್ತಿತ್ತು. "ಅವನು ಯಾವ ಕಾಲು ಎತ್ತಿದ್ದ?" ಅಂದೆ. "ನೋಡ್ನಿಲ್ಲ ಸಾ." ಅವತ್ತಿಂದ ಅವನಿಗೆ ಹಿಡಿಯೋದೇ ಬಂದ್. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲೋದು, ರೈಡರ್‌ನ ಭಾರ ಯಾವ ಕಾಲ ಮೇಲಿದೆ ಅಂತ ಜೋರಾಗಿ ಕೂಗೋದು: ಎಡ, ಬಲ, ಎಡ. ಉಳಿದೋರು ನಕ್ಕರು, ನಗಲಿ. ಭಾರ ಬಿದ್ದ ಕಾಲು ತಟ್ಟನೆ ಎತ್ತೋಕೆ ಆಗಲ್ಲ. ಹಿಡಿದರೆ ಅದನ್ನೇ ಹಿಡೀಬೇಕು. ಅದು ಅವನ ಕಣ್ಣಿಗೆ ಬಿದ್ದ ಮೇಲೆ ಕೈ ಬಿಚ್ಚಿಸಿದೆ. ಎರಡೂ ಕೈ ಕಣಕಾಲಿಗೆ, ಎಳೆತ ನಿಮ್ಮ ಎದೆ ಕಡೆಗೆ, ತಲೆ ರೈಡರ್ ಮಂಡಿಯ ಹೊರಬದಿಗೆ, ಗದ್ದ ಒಳಗೆ. ತಲೆಯ ಮಾತು ಮಾತ್ರ ದಿನಾ ಹೇಳಿ. ಮಂಡಿ ಮುಖಕ್ಕೆ ಬಡಿದರೆ ಹಲ್ಲು ಹೋಗುತ್ತೆ.

ಮ್ಯಾಚ್ ದಿನ ನಿಮ್ಮ ಕೈಯಲ್ಲಿರೋದು ಟೈಮ್‌ಔಟ್, ಒಂದಕ್ಕೆ 30 ಸೆಕೆಂಡು. ನೀರು ಕುಡಿಯೋದರಲ್ಲೇ ಹತ್ತು ಹೋಯ್ತು. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ನೋಡಿ, ಕೋಚ್ ಅನ್ನಿಸಿಕೊಂಡವರು ಆ 30 ಸೆಕೆಂಡೂ ಬೈಗುಳಕ್ಕೇ ಸುರಿದುಬಿಡ್ತಾರೆ. ನೀವು ಒಂದು ಮಾತು ಹೇಳಿ, ಒಬ್ಬನಿಗೆ ಹೇಳಿ: "ಅವರಲ್ಲಿ ಮೂರೇ ಜನ ಉಳಿದವ್ರೆ, ಹಿಡಿದರೆ ಎರಡು ಪಾಯಿಂಟ್ ಅವರಿಗೆ, ಒಳಗೆ ನುಗ್ಗಬೇಡ." ಅಷ್ಟೇ. ಮಿಕ್ಕ ಹೊತ್ತು ಅವರೇ ಮಾತಾಡಲಿ. ಪೆಡರ್ಸನ್‌ನ ಆ ಸೂಪರ್ ಬೌಲ್ ಫೈನಲ್‌ನಲ್ಲಿ ಅರ್ಧ ಆಟ ಮುಗಿಯೋ ಹೊತ್ತಿಗೆ, ಗೋಲ್ ಗೆರೆಗೆ ಒಂದೇ ಗಜ ಬಾಕಿ, ಕೊನೇ ಅವಕಾಶ. ಫೋಲ್ಸ್ ಮೈದಾನದ ಅಂಚಿಗೆ ಕೋಚ್ ಹತ್ತಿರ ಬಂದು, ಅಭ್ಯಾಸದಲ್ಲಿ ಮಾಡಿದ್ದ ಒಂದು ತಂತ್ರ ಆಡೋಣವಾ ಅಂತ ತಾನೇ ಕೇಳಿದ. ಯಾವಾಗಲೂ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕೇ ಓಡಿಹೋಗಿ ಚೆಂಡು ಹಿಡಿಯೋ ತಂತ್ರ ಅದು. ಪೆಡರ್ಸನ್ ಒಂದು ಕ್ಷಣ ಯೋಚಿಸಿ ಹ್ಞೂಂ ಅಂದ. 15-12 ಇದ್ದದ್ದು 22-12 ಆಯ್ತು. ನಿಮ್ಮ ಹುಡುಗ "ಸಾ, ಬೋನಸ್ ಬುಟ್ಟು ಬಲ ಕಾರ್ನರ್ ಮುಟ್ಲಾ?" ಅಂತ ಕೇಳುವಷ್ಟು ಸಲಿಗೆ ಇರಬೇಕು.

ಕಿರಿಯರ ವಿಭಾಗಕ್ಕೆ ತೂಕದ ಮಿತಿ ಇರುತ್ತೆ. ಅದಕ್ಕೋಸ್ಕರ ಮಕ್ಕಳಿಗೆ ಊಟ ನೀರು ಬಿಡಿಸೋ ಕೋಚ್‌ಗಳಿದ್ದಾರೆ. ಅಂಥವರ ಹತ್ತಿರ ಕಲೀಬೇಡಿ. ಹೆಣ್ಣುಮಕ್ಕಳ ತಂಡ ಆದರೆ ಮೈದಾನದಲ್ಲಿ, ಪ್ರಯಾಣದಲ್ಲಿ ಒಬ್ಬ ಮಹಿಳಾ ಶಿಕ್ಷಕಿ ಜೊತೆಗಿರಲೇಬೇಕು. ಹಿಡಿತ ತೋರಿಸೋಕೆ ನೀವು ಮೈ ಮುಟ್ಟಬೇಡಿ, ಇಬ್ಬರು ಹುಡುಗಿಯರನ್ನೇ ನಿಲ್ಲಿಸಿ ಬಾಯಲ್ಲಿ ಹೇಳಿ.

ಕಾಗದಪತ್ರದ ವಿಷಯ. ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಎರಡು ವರ್ಷದ್ದು, ಶಾಲೆಯಲ್ಲಿ ದೈಹಿಕ ಶಿಕ್ಷಕರಾಗೋ ದಾರಿ. ಕೋಚ್ ಕೆಲಸಕ್ಕೆ ಹೆಚ್ಚು ತೂಕ ಇರೋದು ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾಗೆ, ಒಂದು ವರ್ಷ. ಕೆಲವು ಆಟಗಳಿಗೆ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೂ ನಡೆಯುತ್ತೆ. ಅಷ್ಟು ದಿನ ಮನೆ ಬಿಡೋಕಾಗದವರಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ. ವಯಸ್ಸು, ಓದು, ಆಡಿದ ಮಟ್ಟ ಎಲ್ಲ ನೋಡ್ತಾರೆ, ಆ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ. ಜಾತ್ರೆ ಟೂರ್ನಿಯಲ್ಲಿ ಗೆದ್ದ ಆಳೆತ್ತರದ ಶೀಲ್ಡ್ ಅಲ್ಲಿ ನಡೆಯಲ್ಲ. ಅಂತರ ವಿಶ್ವವಿದ್ಯಾಲಯ, ರಾಜ್ಯ, ರಾಷ್ಟ್ರ ಮಟ್ಟದ ಪ್ರಮಾಣಪತ್ರ ಬೇಕು. ಅವನ್ನ ಈಗಲೇ ಬೀರುವಿನಿಂದ ತೆಗೆದು, ಹೆಸರು ಹುಟ್ಟಿದ ದಿನಾಂಕ ಮಾರ್ಕ್ಸ್‌ಕಾರ್ಡಿಗೆ ತಾಳೆಯಾಗುತ್ತಾ ನೋಡಿ. ಆಗದಿದ್ದರೆ ತಿದ್ದಿಸೋಕೆ ಓಡಾಟ ಶುರುಮಾಡಿ, ಅರ್ಜಿ ಕರೆದ ಮೇಲೆ ಆಗೋ ಕೆಲಸ ಅಲ್ಲ ಅದು.