‘ಇವನಾ ವಿಲನ್?’ ಅನ್ನಿಸಿದಾಗ ನೋಡಬೇಕಾದದ್ದು

2024ರ ಜುಲೈನಲ್ಲಿ, ಐರನ್ ಮ್ಯಾನ್ ಆಗಿ ಹೆಸರಾದ ಹಾಲಿವುಡ್ ನಟ ರಾಬರ್ಟ್ ಡೌನಿ ಜೂನಿಯರ್ ಮಾರ್ವೆಲ್ ಕಾಮಿಕ್ಸ್‌ನ ಖಳ ಡಾಕ್ಟರ್ ಡೂಮ್ ಆಗುತ್ತಾರೆ ಅಂತ ಸುದ್ದಿ ಬಂತು. ದಾವಣಗೆರೆಯಲ್ಲಿ ನಮ್ಮ ಅಂಗಡಿಗೆ ಬರುವ ಕಾಲೇಜು ಹುಡುಗರು ಎರಡು ಪಾರ್ಟಿ ಆದರು. ಒಂದು ಕಡೆಯವರಿಗೆ ಖುಷಿ, ಇನ್ನೊಂದು ಕಡೆಯವರಿಗೆ ಮೋಸ ಹೋದಷ್ಟು ಸಿಟ್ಟು. ನಾನು ನಾಟಕಗಳಿಗೆ ಡ್ರೆಸ್ ಬಾಡಿಗೆ ಕೊಡುತ್ತೇನೆ, ಮೇಕಪ್ಪೂ ಮಾಡುತ್ತೇನೆ. ಹರಿಹರ, ಜಗಳೂರು, ಹರಪನಹಳ್ಳಿ ಕಡೆಯ ಊರುಗಳಲ್ಲಿ ಯಾರು ದುರ್ಯೋಧನ, ಯಾರು ಶಕುನಿ ಅನ್ನೋ ಜಗಳ ನೋಡುತ್ತಲೇ ಬೆಳೆದವನು. ಜೊತೆಗೆ ಕಾಮಿಕ್ಸ್ ಹುಚ್ಚು. ಇಂಥ ಸುದ್ದಿ ಬಂದಾಗ ನಾನು ಏನೇನು ನೋಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ನಟನನ್ನು ಪಕ್ಕಕ್ಕಿಟ್ಟು ಪಾತ್ರವನ್ನು ಹಿಡಿಯಿರಿ. ಈ ಖಳನಿಗೆ ಏನು ಬೇಕು? ಒಂದು ಸಾಲಿನಲ್ಲಿ ಬರೆಯಿರಿ. ಬಟ್ಟೆ, ಬಣ್ಣ, ಎತ್ತರ ಏನೂ ಬೇಡ. ಡೂಮ್ ಪಾತ್ರವನ್ನು 1962ರಲ್ಲಿ ಹುಟ್ಟಿಸಿದವರು ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ. ಅವನು ಲ್ಯಾಟ್ವೇರಿಯಾ ಅನ್ನುವ ದೇಶದ ದೊರೆ. ಜಗತ್ತನ್ನು ಆಳುವ ಯೋಗ್ಯತೆ ತನಗೊಬ್ಬನಿಗೇ ಇದೆ ಅಂತ ಮನಸಾರೆ ನಂಬಿದವನು. ಅಷ್ಟು ಬರೆದರೆ ಸಾಕು. ಅವನ ಮುಖ ಲೋಹದ ಮುಖವಾಡದ ಹಿಂದೆ ಇರುತ್ತದೆ. ಹಾಗಾದರೆ ಆ ಹಮ್ಮನ್ನು ತೋರಿಸಬೇಕಾದದ್ದು ದನಿ, ಕತ್ತು, ನಿಲ್ಲುವ ರೀತಿ. ಈಗ ನಟನನ್ನು ಕರೆದು ಪಕ್ಕಕ್ಕೆ ನಿಲ್ಲಿಸಿ ನೋಡಿ. ನಿಮ್ಮ ಪ್ರಶ್ನೆಯೇ ಬದಲಾಗಿರುತ್ತದೆ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಜಗಳೂರು ಕಡೆಯ ಒಂದು ಊರಿನಲ್ಲಿ. ಅಲ್ಲಿ ಹಾರ್ಮೋನಿಯಂ ಮಾಸ್ತರು ಶಕುನಿ ಪಾತ್ರವನ್ನು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಒಬ್ಬ ಮೆತ್ತಗಿನ ಹುಡುಗನಿಗೆ ಕೊಟ್ಟರು. ಊರವರು ಸುಮ್ನೆ ಬಿಡಲಿಲ್ಲ. ಅವರಿಗೆ ಬೇಕಾಗಿದ್ದವನು ಕುಂಟುತ್ತಾ ಬಂದು, ಒಂದು ಕಣ್ಣು ಮುಚ್ಚಿ ಗಹಗಹಿಸಿ ನಗುವ ಶಕುನಿ. ಈ ಹುಡುಗ ತಾಲೀಮಿನಲ್ಲಿ ದನಿಯನ್ನೇ ಏರಿಸಲಿಲ್ಲ. ದಾಳ ಎಸೆಯುವ ಮುಂಚೆ ಅದನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ನಿಧಾನಕ್ಕೆ ಸವರುತ್ತಿದ್ದ. ಚುಕ್ಕೆಗಳನ್ನು ಬೆರಳಲ್ಲೇ ಓದುತ್ತಿದ್ದಾನೇನೋ ಅನ್ನಿಸುತ್ತಿತ್ತು. ಆಮೇಲೆ ತಲೆ ಎತ್ತಿ ಧರ್ಮರಾಯನನ್ನು ನೋಡಿ, ‘ಆಡೋಣವೇ?’ ಅಂತ ಕೇಳುತ್ತಿದ್ದ. ನಾಟಕದ ರಾತ್ರಿ ನಾನು ಅವನಿಗೆ ಹುಬ್ಬು ತಿದ್ದಿದ್ದು ಬಿಟ್ಟರೆ ಜಾಸ್ತಿ ಬಣ್ಣ ಹಚ್ಚಲಿಲ್ಲ. ಬೇಕಾಗಿರಲೂ ಇಲ್ಲ. ಮೋಸ ಮಾಡುವವನಿಗೆ ತಾಳ್ಮೆ ಬೇಕು, ಆ ಹುಡುಗನಲ್ಲಿ ಅದು ಇತ್ತು. ಮಾಸ್ತರು ಅದನ್ನು ಮೊದಲೇ ಕಂಡಿದ್ದರು.

ಎರಡನೆಯದು, ನಟನ ಹೆಸರಾದ ಸಿನಿಮಾ ಬಿಟ್ಟು ಬೇರೆಯದನ್ನು ನೋಡಿ. 2006ರಲ್ಲಿ ‘ದ ಡಾರ್ಕ್ ನೈಟ್’ ಸಿನಿಮಾಕ್ಕೆ ಹೀತ್ ಲೆಡ್ಜರ್ ಜೋಕರ್, ಅಂದರೆ ಬ್ಯಾಟ್‌ಮ್ಯಾನ್‌ನ ವೈರಿ, ಅಂದಾಗ ತುಂಬಾ ಜನ ಸಿಟ್ಟಾದರು. ಹುಡುಗಿಯರು ಇಷ್ಟಪಡುವ ಚೆಲುವ, ಇವನಿಗೆ ಜೋಕರ್ ಹೇಗೆ ಆಗುತ್ತದೆ ಅನ್ನುವುದು ಅವರ ವಾದ. ಆದರೆ 2005ರ ‘ಬ್ರೋಕ್‌ಬ್ಯಾಕ್ ಮೌಂಟನ್’ನಲ್ಲಿ ಅದೇ ನಟ ಹಲ್ಲು ಕಚ್ಚಿಕೊಂಡು, ಮಾತನ್ನು ಗಂಟಲಲ್ಲೇ ಉಳಿಸಿಕೊಂಡು ಇಡೀ ಮೈಯನ್ನೇ ಬೇರೆ ಮಾಡಿಕೊಂಡಿದ್ದರು. ನೋಡಿದವರಿಗೆ ಸುಳಿವು ಸಿಕ್ಕಿರುತ್ತಿತ್ತು. ಲೆಡ್ಜರ್ 2008ರ ಜನವರಿಯಲ್ಲಿ ತೀರಿಕೊಂಡರು. ಸಿನಿಮಾ ಬಂದದ್ದು ಜುಲೈನಲ್ಲಿ, ಆಸ್ಕರ್ ಬಂದದ್ದು ಮರುವರ್ಷ. ಆ ಮೇಕಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಲೆಡ್ಜರ್ ಹಣೆ, ಕಣ್ಣು ಸುಕ್ಕು ಮಾಡಿಕೊಂಡು ಕೂರುತ್ತಿದ್ದರು. ಬಿಳಿ ಬಣ್ಣ ಅದರ ಮೇಲೆ ಬೀಳುತ್ತಿತ್ತು. ಮುಖ ಸಡಿಲ ಬಿಟ್ಟಾಗ ಬಣ್ಣ ಬಿರುಕು ಬಿಟ್ಟ ಹಾಗೆ ಕಾಣುತ್ತಿತ್ತು. ಇದು ಬ್ರಷ್ ಹಿಡಿದವನೊಬ್ಬನಿಂದ ಆಗುವ ಕೆಲಸವಲ್ಲ, ನಟನೂ ಸೇರಿ ಮಾಡಬೇಕು. ಇನ್ನೊಂದು ಕಡೆ 1966ರ ಟಿವಿ ಜೋಕರ್ ಸೀಸರ್ ರೊಮೆರೊ ಮೀಸೆ ಬೋಳಿಸಲು ಒಪ್ಪಲಿಲ್ಲ, ಮೀಸೆಯ ಮೇಲೇ ಬಿಳಿ ಬಣ್ಣ ಬಳಿದರು. ಅವರ ನಗು ಎಷ್ಟು ಜೋರಾಗಿತ್ತೆಂದರೆ ಜನ ಅದನ್ನೂ ಒಪ್ಪಿಕೊಂಡರು.

ಇಲ್ಲಿ ಒಂದು ಎಚ್ಚರ. ‘ಲೆಡ್ಜರ್‌ಗೂ ಹೀಗೇ ಬೈದಿದ್ರು’ ಅನ್ನುವುದು ಎಲ್ಲ ಜಗಳಕ್ಕೂ ಉತ್ತರವಲ್ಲ. 2014ರಲ್ಲಿ ಜೆಸ್ಸಿ ಐಸನ್‌ಬರ್ಗ್ ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್ ಅಂದಾಗ ನನಗೆ ಆಯ್ಕೆ ಸರಿಯೇ ಅನ್ನಿಸಿತ್ತು. ‘ದ ಸೋಷಿಯಲ್ ನೆಟ್‌ವರ್ಕ್’ ಸಿನಿಮಾದಲ್ಲಿ ಫೇಸ್‌ಬುಕ್ ಕಟ್ಟಿದವನ ಪಾತ್ರದಲ್ಲಿ ಅವರು ತೋರಿಸಿದ ತಣ್ಣನೆಯ ಬುದ್ಧಿ ಲೂಥರ್‌ಗೆ ಬೇಕಾದದ್ದೇ. ಆದರೆ 2016ರ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಸಿನಿಮಾದಲ್ಲಿ ಆ ತಣ್ಣಗಿನದೇ ಇಲ್ಲ. ಕೈ ನಡುಗಿಸುತ್ತಾ, ತೊದಲುತ್ತಾ, ಕಿಸಕ್ಕನೆ ನಗುತ್ತಾ ಇರುವ ಹುಡುಗ. ಅಂದರೆ ನಟ ಸರಿಯಿದ್ದರೂ ಹೀಗೆ ಆಡು ಅಂತ ಹೇಳಿದ್ದು ಕೆಡಬಹುದು. 1997ರ ‘ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಸಿನಿಮಾದ ಖಳ ಮಿಸ್ಟರ್ ಫ್ರೀಜ್ ಕೂಡ ಹಾಗೇ. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಮೈಕಟ್ಟಿಗೆ ಯಾರೂ ಕೊಂಕು ಹೇಳುವಂತಿಲ್ಲ. ಫ್ರೀಜ್ ಅಂದರೆ ಕಾಯಿಲೆ ಬಿದ್ದ ಹೆಂಡತಿಗಾಗಿ ಒದ್ದಾಡುವ ವಿಜ್ಞಾನಿ. ಸಿನಿಮಾದಲ್ಲಿ ಬರೀ ಐಸಿನ ಜೋಕು ಹೇಳಿಸಿದರು. ಅದಕ್ಕೇ ನಟನ ಹೆಸರಿನ ಜೊತೆ ಬರೆದವರು ಯಾರು, ನಿರ್ದೇಶಕ ಯಾರು ಅನ್ನುವುದನ್ನೂ ನೋಡಿ. ಅವರ ಹಿಂದಿನ ಸಿನಿಮಾಗಳಲ್ಲಿ ಖಳ ನೆನಪಿನಲ್ಲಿ ಉಳಿದಿದ್ದಾನಾ? ಇದು ನಟನ ಮುಖಕ್ಕಿಂತ ದೊಡ್ಡ ಸುಳಿವು.

ಡೌನಿ ವಿಷಯದಲ್ಲಿ ತಕರಾರೇ ಬೇರೆ. ಅವರಿಗೆ ನಟನೆ ಬರಲ್ಲ ಅಂತ ಯಾರೂ ಹೇಳುತ್ತಿಲ್ಲ. 2008ರಿಂದ 2019ರವರೆಗೆ ಟೋನಿ ಸ್ಟಾರ್ಕ್, ಅಂದರೆ ಹೀರೋ ಐರನ್ ಮ್ಯಾನ್, ಆಗಿದ್ದ ಮುಖವೇ ಅದೇ ಕಥಾಲೋಕದಲ್ಲಿ ಖಳನಾಗಿ ಬರುವುದು ಕಷ್ಟ. ಈ ಎರಡು ತಕರಾರನ್ನು ಕಲಸಬೇಡಿ. ಮುಖ ಬೇರೆ ಪಾತ್ರಕ್ಕೆ ಹೊಂದುವುದಿಲ್ಲ ಅನ್ನುವುದನ್ನಂತೂ ನಾವು ಕನ್ನಡದವರು ಒಪ್ಪಬಾರದು. ಪಕ್ಕದ ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣವಾದ 1972ರ ‘ನಾಗರಹಾವು’ ಸಿನಿಮಾದಲ್ಲಿ ಹುಡುಗಿಯನ್ನು ಕಾಡುವ ಜಲೀಲನಾಗಿ ಬಂದ ಅಂಬರೀಶ್ ಮುಂದೆ ಎಂಥ ಹೀರೋ ಆದರು ಅಲ್ವಾ? 2012ರಲ್ಲಿ ನಮ್ಮ ಸುದೀಪ್ ತೆಲುಗಿನ ‘ಈಗ’ ಸಿನಿಮಾದಲ್ಲಿ ಒಂದು ನೊಣದ ಎದುರು ಖಳನಾಗಿ ನಿಂತರು. ನೊಣ ಗ್ರಾಫಿಕ್ಸ್. ಇಲ್ಲದ ನೊಣಕ್ಕೆ ಹೆದರಿ, ಸಿಟ್ಟಾಗಿ, ಕೈ ಬೀಸಿದ ಆ ಹೀರೋನನ್ನು ತೆಲುಗಿನವರೂ ಖಳನಾಗಿ ಒಪ್ಪಿದರು.

ಇನ್ನು ಮಾತಾಡುವ ಬಗೆ. ‘ಥೂ, ವೇಸ್ಟ್’ ಅಂದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಈ ನಟನ ದನಿ ತೆಳು, ಮುಖವಾಡದ ಒಳಗಿಂದ ಅಧಿಕಾರ ಕೇಳಿಸುತ್ತಾ ಅನ್ನುವ ಅನುಮಾನ ಇದೆ’ ಅನ್ನಿ. ಇದನ್ನು ಸಿನಿಮಾ ಬಂದ ಮೇಲೆ ಪರೀಕ್ಷೆ ಮಾಡಬಹುದು. ನಟನ ಬಣ್ಣ, ದಪ್ಪ, ವಯಸ್ಸು, ಮನೆಯ ವಿಷಯಕ್ಕೆ ಕೈ ಹಾಕಬೇಡಿ. ನಮ್ಮ ಅಂಗಡಿಯಲ್ಲಿ ಆ ಮಾತು ಬಂದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ಮೊದಲ ಫೋಟೋ ನೋಡಿ ತೀರ್ಪು ಕೊಡುವುದೂ ಬೇಡ. ಬಣ್ಣ ಹಚ್ಚಿದ ಮುಖ ನಿಂತಾಗ ಒಂದು ಥರ ಇರುತ್ತದೆ, ಮಾತಾಡಿದಾಗ ಇನ್ನೊಂದು ಥರ. ಟ್ರೇಲರ್ ಬಂದರೆ ಒಮ್ಮೆ ಕಣ್ಣು ಮುಚ್ಚಿ ದನಿ ಮಾತ್ರ ಕೇಳಿ, ಇನ್ನೊಮ್ಮೆ ಸೌಂಡ್ ತೆಗೆದು ಮೈ ಮಾತ್ರ ನೋಡಿ.

ಸಿನಿಮಾ ಬಂದಾಗ ಗಲಾಟೆಯ ಮೊದಲ ದಿನ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಜನ ಕಡಿಮೆಯಾದ ಮೇಲೆ ಇನ್ನೊಮ್ಮೆ ಹೋಗಿ. ಆಗ ಖಳ ಮಾತಾಡದೆ ಸುಮ್ಮನಿರುವ ದೃಶ್ಯಗಳನ್ನು ನೋಡಿ. ಬೇರೆಯವರು ಮಾತಾಡುವಾಗ ಅವನು ಏನು ಮಾಡುತ್ತಿದ್ದಾನೆ, ಕೈ ಎಲ್ಲಿಟ್ಟಿದ್ದಾನೆ, ಯಾರನ್ನು ನೋಡುತ್ತಿದ್ದಾನೆ? ನೀವು ಬರೆದಿಟ್ಟ ಆ ಒಂದು ಸಾಲು ಅಲ್ಲಿ ಕಾಣುತ್ತಿದ್ದರೆ ಆಯ್ಕೆ ಸರಿ. ಕಾಣದಿದ್ದರೆ ಧೈರ್ಯವಾಗಿ ಸರಿಯಿಲ್ಲ ಅನ್ನಿ, ಯಾವ ದೃಶ್ಯದಲ್ಲಿ ಅಂತಲೂ ಹೇಳಿ.