ಫಾದರ್ ಕೊಟ್ಟ ಚಿತ್ರಗಳನ್ನು ಉಳಿಸಿಕೊಳ್ಳುವ ಬಗೆ

1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಇಟಲಿಯ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳ ಪರಂಪರೆಗೆ ಸೇರಿದವರು ನಮ್ಮ ಮುದಿ ಫಾದರ್. ಧರ್ಮೋಪದೇಶದಲ್ಲಿ ಸರಿಯುತ್ತರ ಹೇಳಿದ ಮಕ್ಕಳಿಗೆ ಸಂತರ ಪುಟ್ಟ ಚಿತ್ರ ಕೊಡುತ್ತಿದ್ದರು. ನಿಮ್ಮಲ್ಲೂ ಅಂಥವಿದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ; ಬಿಸಿಯೂ ಅಂಟೂ ಸೇರಿ ಕಾಗದವನ್ನು ಹಾಳುಗೆಡವುತ್ತವೆ.

ಎರಡೂ ಬದಿಯನ್ನು 600 ಡಿಪಿಐನಲ್ಲಿ (ಪ್ರತಿ ಅಂಗುಲಕ್ಕೆ 600 ಚುಕ್ಕಿಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿ. ಹಿಂಬದಿಯೇ ನಿಜವಾದ ಆಸ್ತಿ: ನನ್ನ ಸಂತ ಅಂತೋನಿಯ ಬೆನ್ನಿಗೆ ಅವರ ನಡುಗುವ ಕೈಯ ನೀಲಿ ಶಾಯಿಯಿದೆ, ನನ್ನ ಹೆಸರಿನ ಒತ್ತಕ್ಷರ ಬಿಟ್ಟುಹೋಗಿದೆ.

ದುಬೈ, ಟೊರಾಂಟೊದಲ್ಲಿರುವ ಸಹಪಾಠಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳುಹಿಸಿ. ಫೋಟೊ ಆಗಿ ಕಳುಹಿಸಿದರೆ ಅಕ್ಷರ ಮಸುಕಾಗುತ್ತದೆ. ಅವರು ಹೇಳುವ ನೆನಪನ್ನು ಹೆಸರು, ಊರಿನ ಸಮೇತ ಅಂದೇ ಬರೆದಿಡಿ.

ಮೂಲಚಿತ್ರವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ತುಳುನಾಡಿನ ಮಳೆಗಾಲದ ಆಟಿ ತಿಂಗಳ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ.