ಹಿಮ್ಮಡಿ ನೋವು: ಬೆರಳಿಟ್ಟು ಕಾರಣ ಹುಡುಕುವುದು ಹೀಗೆ

ಓಡುವವರು, ಆಡುವವರು ಹಿಮ್ಮಡಿ ನೋಯತೊಡಗಿದ ಕೂಡಲೇ ಮೆತ್ತನೆಯ ಶೂ ಹುಡುಕಿ ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ನೋವು ಯಾವ ಜಾಗದಲ್ಲಿದೆ, ಯಾವ ಹೊತ್ತಿಗೆ ಏರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಕುರ್ಚಿಯಲ್ಲಿ ಕುಳಿತು ನೋಯುವ ಪಾದವನ್ನು ಇನ್ನೊಂದು ತೊಡೆಯ ಮೇಲಿಡಿ. ಕೈಯ ಹೆಬ್ಬೆರಳಿನಿಂದ ಹಿಮ್ಮಡಿಯ ತಳವನ್ನು ಒತ್ತುತ್ತಾ ಬನ್ನಿ. ಪಾದದ ಕಮಾನು ಶುರುವಾಗುವಲ್ಲಿ, ಒಳಮಗ್ಗುಲಿಗೆ ಚುಳ್ಳೆಂದರೆ ಅದು ಬಹುತೇಕ ಪ್ಲಾಂಟರ್ ಫೇಶಿಯಾದ ನೋವು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಹಬ್ಬಿದ ಗಟ್ಟಿ ಪಟ್ಟಿ ಇದು. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎಳೆದರೆ ಅದು ತಂತಿಯಂತೆ ಬಿಗಿಯುವುದು ಕೈಗೇ ಗೊತ್ತಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಜೋರು, ಓಡಾಡಿದರೆ ಕಡಿಮೆ, ಬಹಳ ಹೊತ್ತು ನಿಂತರೆ ಮತ್ತೆ ಹಾಜರು. ಎಕ್ಸ್‌ರೇಯಲ್ಲಿ ಮೂಳೆಮುಳ್ಳು ಕಂಡರೆ ಗಾಬರಿ ಬೇಡ. ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದಿರುತ್ತದೆ.

ಹಿಮ್ಮಡಿಯ ನಟ್ಟನಡುವೆ, ಬರಿಗಾಲಲ್ಲಿ ಗಟ್ಟಿ ನೆಲ ತುಳಿದಾಗ ನೋವು ಹೆಚ್ಚಾದರೆ ಅಲ್ಲಿನ ಕೊಬ್ಬಿನ ಪದರ ಸವೆದಿರಬಹುದು. ಮೆತ್ತನೆಯ ಪ್ಯಾಡ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಹಿಂಬದಿಯಲ್ಲಿ ನೋವಿದ್ದರೆ ಕಾರಣ ಅಕಿಲಿಸ್ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ದಪ್ಪ ಹುರಿ. ಉರಿ, ಜೋಮು ಇದ್ದರೆ ನರ.

ಈಗ ತೀರಾ ಮುಖ್ಯವಾದ ಪರೀಕ್ಷೆ. ಹಿಮ್ಮಡಿಯನ್ನು ಎಡಬಲದಿಂದ ಅಂಗೈಗಳ ನಡುವೆ ಒತ್ತಿ ಹಿಡಿಯಿರಿ. ನೋವು ಜೋರಾದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವ ಶಂಕೆ. ಪಾದದ ಮೇಲ್ಭಾಗದಲ್ಲಿ ಊತವಿದ್ದು, ಒಂದೇ ಕಡೆ ಮುಟ್ಟಿದರೆ ನೋಯುವಂತಿದ್ದರೂ ಇದೇ ಅನುಮಾನ. ಫೇಶಿಯಾದ ನೋವು ನಡೆದಂತೆ ಸಡಿಲವಾಗುತ್ತದೆ, ಬಿರುಕಿನದು ನಡೆದಷ್ಟೂ ಏರುತ್ತದೆ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಎಕ್ಸ್‌ರೇ ಸರಿಯಿದೆಯೆಂದು ಓಟ ಮುಂದುವರಿಸಬೇಡಿ. ಎಂಆರ್‌ಐ ಬೇಕೇ ಎಂದು ವೈದ್ಯರನ್ನು ಕೇಳಿ.

ಜಾಗ ಸಿಕ್ಕ ಮೇಲೆ ಹಿಂದಿನ ಆರು ವಾರಗಳ ಲೆಕ್ಕ ತೆಗೆಯಿರಿ. ದೂರ, ವೇಗ, ಏರು, ನೆಲ, ಶೂ: ಇವುಗಳಲ್ಲಿ ಯಾವುದು ಬದಲಾಯಿತು? ಉಸಿರು ಬೇಗ ಪಳಗುತ್ತದೆ; ಮೂಳೆ, ಸ್ನಾಯುರಜ್ಜು ನಿಧಾನ. ದಮ್ಮಿದೆಯೆಂದು ಒಮ್ಮೆಗೇ ದೂರ ಏರಿಸಿದಾಗ ಪೆಟ್ಟು ಬೀಳುವುದು ಪಾದಕ್ಕೆ. ಮೀನಖಂಡದ ಬಿಗಿತವೂ ಇನ್ನೊಂದು ಕಾರಣ. ಗೋಡೆಯಿಂದ 10 ಸೆಂ.ಮೀ. ದೂರದಲ್ಲಿ ಕಾಲಿನ ಹೆಬ್ಬೆರಳಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ ನೋಡಿ. ತಾಗದಿದ್ದರೆ ಮೀನಖಂಡವೋ ಕಾಲಿನ ಗಿಣ್ಣೋ ಬಿಗಿದಿದೆ.

ಫೇಶಿಯಾದ ನೋವೇ ಆಗಿದ್ದರೆ ಮೆಟ್ಟಿಲಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಕಾಲ್ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಆಸರೆಗೆ ಕೈಯಲ್ಲಿ ಕಂಬಿ ಇರಲಿ. 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡ್ ನಿಲ್ಲಿಸಿ, 3 ಸೆಕೆಂಡಿನಲ್ಲಿ ಇಳಿಸಿ. 12 ಸಲಕ್ಕೆ ಒಂದು ಸುತ್ತು, ಅಂಥ 3 ಸುತ್ತು, ದಿನ ಬಿಟ್ಟು ದಿನ. ಒಂಟಿಕಾಲಲ್ಲಿ ಆಗದಿದ್ದರೆ ಎರಡೂ ಕಾಲಿನಿಂದ ಶುರುಮಾಡಿ. ಗುಣ ಕಾಣಲು ತಿಂಗಳುಗಳೇ ಹಿಡಿಯಬಹುದು. ಮಾರನೆಯ ಬೆಳಿಗ್ಗೆ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಜಾಸ್ತಿಯಾದರೆ ಒಂದು ಸುತ್ತು ಕಡಿಮೆ ಮಾಡಿ.